ಹಳೆಯ ಲಾರಿಗೆ ಗುಜರಿಯ ಮೀಟರು

ಕಣ್ಣಿಗೆ ಕಾಣದುದನ್ನು ಅರಿಯಬೇಕಾದರೆ ಮನುಷ್ಯನಿಗೆ ಕಾಣುವ ಗುರುತೊಂದು ಬೇಕು. ಮಗುವಿನ ಜ್ವರವನ್ನು ತಾಯಿಯು ಹಣೆಯ ಮೇಲೆ ಕೈಯಿಟ್ಟು ತಿಳಿಯುವಳು. ಹಂಡೆಯ ನೀರು ಕಾದುದನ್ನು ಅದರ ಸದ್ದಿನಿಂದ ತಿಳಿಯುವರು. ಅನ್ನ ಬೆಂದಿತೋ ಇಲ್ಲವೋ ಎಂಬುದನ್ನು ಒಂದು ಅಗುಳನ್ನು ಹಿಸುಕಿ ತಿಳಿಯುವರು. ನಮ್ಮ ತಾರ್ಕಿಕರು ಈ ಬಗೆಯ ತಿಳಿವಳಿಕೆಗೆ ಅನುಮಾನವೆಂದು ಹೆಸರಿಟ್ಟರು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತೀರ್ಮಾನಿಸುವುದು ಅವರು ಕೊಡುವ ಉದಾಹರಣೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಇದ್ದೇ ಇರುವುದೆಂಬ ತಪ್ಪದ ಸಂಬಂಧಕ್ಕೆ ವ್ಯಾಪ್ತಿಯೆಂದು ಹೆಸರು. ಬೆಳಗಿನ ಮಂಜನ್ನು ಹೊಗೆಯೆಂದು ಭ್ರಮಿಸಿದರೆ ವ್ಯಾಪ್ತಿ ಅಲ್ಲಿಗೆ ಸಲ್ಲದು, ಅನುಮಾನವೂ ಕೆಡುವುದು. ವಿನೋದದ ಸಂಗತಿಯೇನೆಂದರೆ, ಶಾಸ್ತ್ರದಲ್ಲಿ ಸಂಶಯವನ್ನು ಕಳೆಯುವ ಸಾಧನಕ್ಕೆ ಅನುಮಾನವೆಂದು ಹೆಸರು. ನಮ್ಮ ಮನೆಮಾತಿನಲ್ಲಿಯಾದರೋ ಸಂಶಯಕ್ಕೇ ಅನುಮಾನವೆಂದು ಹೆಸರು. ಈ ತಿಂಗಳು ನಾವು ಎತ್ತಿಕೊಂಡಿರುವ ವಿಷಯಕ್ಕೆ ಎರಡು ಅರ್ಥಗಳೂ ಬೇಕಾಗುವುವು.

ವಿಷಯವು ಹಳೆಯ ಲಾರಿಯ ಮೀಟರು. ಗೃಹಸ್ಥರ ಪತ್ರಿಕೆಯಲ್ಲಿ ಲಾರಿಗೇನು ಕೆಲಸವೆಂದು ಕೆಲವರು ಕೇಳಬಹುದು. ಬಂಗಾರಪೇಟೆಯಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಕಾಮಸಮುದ್ರವು ಒಂದು ನಿಲ್ದಾಣ. ಬಂಗಾರಪೇಟೆ ತಾಲ್ಲೂಕಿನ ಒಂದು ಹೋಬಳಿ. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಗಡಿಯ ಸೀಮೆ. ಇಂತಹ ಊರುಗಳಲ್ಲಿ ಎತ್ತಿನ ಬಂಡಿಯ ತರುವಾಯ ಮನೆಯನ್ನು ಹೊತ್ತು ನಡೆದದ್ದು ಲಾರಿಯೇ. ಒಂದು ಲಾರಿಯ ದುಡಿಮೆಯಿಂದ ಸಾಲ ತೀರಿಸಿ, ಮಕ್ಕಳನ್ನು ಓದಿಸಿ, ಹೆಣ್ಣುಮಕ್ಕಳನ್ನು ಧಾರೆಯೆರೆದು ಕೊಟ್ಟ ಮನೆಗಳನ್ನು ನಾವು ಬಲ್ಲೆವು. ಆಯುಧಪೂಜೆಯ ದಿನ ಅದಕ್ಕೆ ಕುಂಕುಮವಿಟ್ಟು, ಬಾಳೆಯ ಕಂದು ಕಟ್ಟಿ, ಚಕ್ರದಡಿಯಲ್ಲಿ ನಿಂಬೆಯ ಹಣ್ಣಿಡುವುದು ಬರಿಯ ಆಚಾರವಲ್ಲ. ಅನ್ನವಿಕ್ಕಿದುದಕ್ಕೆ ತೋರುವ ಗೌರವ.

ಅಂತಹ ಮನೆಯೊಂದರಲ್ಲಿ ನಡೆದುದನ್ನು ಹೇಳುವೆವು. ಹೆಸರು ಬೇಡ. ಮನೆಯ ಹಿರಿಯರ ಬಳಿ ೧೯೬೦ರ ದಶಕದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಯೊಂದು ಉಳಿದಿದೆ. ಟಾಟಾ ಸಂಸ್ಥೆಯವರು ಜರ್ಮನಿಯ ಡೈಮ್ಲರ್ ಬೆಂಜ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ೧೯೫೪ರಲ್ಲಿ ಜಂಷೆಡ್‌ಪುರದಲ್ಲಿ ಈ ಲಾರಿಗಳನ್ನು ಕಟ್ಟತೊಡಗಿದರು. ಹದಿನೈದು ವರ್ಷಗಳ ಒಪ್ಪಂದವು ೧೯೬೯ರಲ್ಲಿ ತೀರಿತು. ಮೂತಿಯ ಮೇಲಿದ್ದ ಮೂರು ಮೊನೆಯ ನಕ್ಷತ್ರವು ಹೋಗಿ ಟಾಟಾರವರ ಗುರುತು ಬಂದಿತು. ಆದುದರಿಂದ ನಕ್ಷತ್ರವನ್ನು ಹೊತ್ತ ಲಾರಿಯೆಂದರೆ ಈಗ ಅರ್ಧ ಶತಮಾನವನ್ನು ದಾಟಿದ ಮುದುಕ. ನಮ್ಮ ಹಿರಿಯರು ಅದರ ಬಾಡಿಗೆಯ ಓಟವನ್ನು ಎಂದೋ ನಿಲ್ಲಿಸಿರುವರು; ಹಬ್ಬದ ದಿನ ಬಂಗಾರಪೇಟೆಯವರೆಗೆ ಒಮ್ಮೆ ಹೋಗಿಬರುವುದು, ತಿಂಗಳಿಗೊಮ್ಮೆ ಇಂಜಿನ್ನನ್ನು ನಡೆಸಿ ನಿಲ್ಲಿಸುವುದು, ಇಷ್ಟೇ ಅದರ ಕೆಲಸ. ಅದರ ಡ್ಯಾಶ್‌ಬೋರ್ಡಿನಲ್ಲಿದ್ದ ಆಯಿಲ್ ಮೀಟರು ಬಹುಕಾಲದಿಂದ ಸೊನ್ನೆಯ ಮೇಲೆಯೇ ಮಲಗಿತ್ತು. ಮಗನು ಪಟ್ಟಣದ ಒಂದು ಗುಜರಿಯಂಗಡಿಯಿಂದ ಅಂತಹುದೇ ಒಂದನ್ನು ತಂದನು. ಹೊಳೆಯುವ ಹಿತ್ತಾಳೆಯ ಅಂಚು, ಗೀರಿಲ್ಲದ ಗಾಜು, ತೊಳೆದ ಮುಖ. ಕೂಡಿಸಿ ಇಂಜಿನ್ನು ನಡೆಸಿದೊಡನೆ ಮುಳ್ಳು ಠೀವಿಯಿಂದ ಮೇಲೇರಿ ನಿಂತಿತು. ಮನೆಯವರೆಲ್ಲ ಸಂತೋಷಪಟ್ಟರು. ಹಿರಿಯರು ಮಾತ್ರ, ‘ಇಷ್ಟು ವಯಸ್ಸಾದ ಇಂಜಿನ್ನಿಗೆ ಇಷ್ಟು ಒತ್ತಡವೆಲ್ಲಿಂದ ಬಂತಪ್ಪ?’ ಎಂದರು.

ಅವರ ಈ ಪ್ರಶ್ನೆ ಅರ್ಥವಾಗಬೇಕಾದರೆ ಆ ಮೀಟರಿನ ಹೊಟ್ಟೆಯೊಳಗೆ ಏನಿರುವುದೆಂದು ತಿಳಿಯಬೇಕು. ೧೮೪೯ರಲ್ಲಿ ಯೂಜೀನ್ ಬೂರ್ದೋಂ ಎಂಬ ಫ್ರೆಂಚ್ ಯಂತ್ರಜ್ಞನು ಒಂದು ಸರಳವಾದ ಸಂಗತಿಯನ್ನು ಉಪಯೋಗಕ್ಕೆ ತಂದನು. ಚಪ್ಪಟೆಯಾದ ಲೋಹದ ಕೊಳವೆಯನ್ನು ಕುಡುಗೋಲಿನಂತೆ ಬಾಗಿಸಿ ಒಂದು ತುದಿಯನ್ನು ಮುಚ್ಚಿ, ಇನ್ನೊಂದು ತುದಿಯಿಂದ ಒತ್ತಡವನ್ನು ಒಳಗೆ ಬಿಟ್ಟರೆ ಕೊಳವೆಯು ನೆಟ್ಟಗಾಗಲು ಹವಣಿಸುವುದು. ಹಬ್ಬದ ಅಂಗಡಿಯಲ್ಲಿ ಮಕ್ಕಳು ಊದುವ, ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೊಳವೆಯ ಮುಚ್ಚಿದ ತುದಿಯು ಕೂದಲೆಳೆಯಷ್ಟು ಸರಿದರೂ ಸಣ್ಣ ಹಲ್ಲುಚಕ್ರಗಳು ಅದನ್ನು ಹಿಗ್ಗಿಸಿ ಮುಳ್ಳನ್ನು ತಿರುಗಿಸುವುವು. ಉಗಿಯ ಬಾಯ್ಲರುಗಳ ಕಾಲದಿಂದ ಇಂದಿನವರೆಗೆ ಒತ್ತಡದ ಮಾಪಕಗಳಲ್ಲಿ ಬಹುಪಾಲು ಈ ಕೊಳವೆಯ ಸಂತತಿಯೇ.

ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕು ತನ್ನ ಬೇರಿಂಗುಗಳ ಮೇಲೆ ಕೂತು ತಿರುಗುವುದೆಂದು ನಾವು ತಿಳಿದಿರುವೆವಷ್ಟೆ. ನಿಜದಲ್ಲಿ ಅದು ಲೋಹದ ಮೇಲೆ ಕೂಡುವುದಿಲ್ಲ, ಎಣ್ಣೆಯ ತೆಳುವಾದ ಪೊರೆಯ ಮೇಲೆ ತೇಲುವುದು. ಪಂಪು ಎಣ್ಣೆಯನ್ನು ಒತ್ತಿ ಕಳುಹಿಸುತ್ತಿರುವವರೆಗೂ ಪೊರೆಯು ಉಳಿಯುವುದು. ಬೇರಿಂಗು ಸವೆದು ಸಂದು ದೊಡ್ಡದಾದರೆ ಎಣ್ಣೆಯು ಸುಲಭವಾಗಿ ಜಾರಿಹೋಗಿ ಒತ್ತಡ ಇಳಿಯುವುದು; ಇಂಜಿನ್ನು ಬಿಸಿಯಾಗಿ ಎಣ್ಣೆ ತೆಳುವಾದಾಗ, ಅದರಲ್ಲಿಯೂ ನಿಂತಲ್ಲಿಯೇ ನಿಧಾನವಾಗಿ ನಡೆಯುವಾಗ, ಇನ್ನೂ ಇಳಿಯುವುದು. ಪೊರೆ ಹರಿದರೆ ಲೋಹವು ಲೋಹವನ್ನು ತಿನ್ನುವುದಕ್ಕೆ ನಿಮಿಷಗಳು ಸಾಕು. ಆದುದರಿಂದ ಈ ಒಂದು ಮುಳ್ಳು ಇಂಜಿನ್ನಿನ ನಾಡಿ. ನಡೆಯುತ್ತಿರುವಾಗ ಅದು ಸೊನ್ನೆಗೆ ಬಿದ್ದರೆ ಒಡನೆಯೇ ನಿಲ್ಲಿಸತಕ್ಕದ್ದು; ‘ಊರು ಇನ್ನು ಹತ್ತಿರವೇ’ ಎಂದು ಮುಂದುವರಿಯಕೂಡದು.

ಹಿರಿಯರ ಮಾತಿನ ಮೇಲೆ ಮೀಟರನ್ನು ಬಿಚ್ಚಿ ಟೈರಿಗೆ ಗಾಳಿ ತುಂಬುವ ಅಂಗಡಿಗೆ ಒಯ್ದರು. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯು ಇದೇ. ಗಟ್ಟಿಯಾದ ರಬ್ಬರಿನ ಕೊಳವೆಯಿಂದ ಮೀಟರನ್ನು ಗಾಳಿಯ ಪೈಪಿಗೆ ಜೋಡಿಸಿ, ಅಂಗಡಿಯ ಮಾಪಕವನ್ನು ನೋಡುತ್ತ ಮೆಲ್ಲಗೆ ಒತ್ತಡವನ್ನು ಏರಿಸಬೇಕು. ೨೦, ೪೦, ೬೦ ಪೌಂಡುಗಳಲ್ಲಿ ನಿಲ್ಲಿಸಿ ಎರಡು ಮುಳ್ಳುಗಳನ್ನೂ ಬರೆದುಕೊಳ್ಳಬೇಕು. ಬಳಿಕ ಹಾಗೆಯೇ ಇಳಿಸುತ್ತ ಬರೆದುಕೊಳ್ಳಬೇಕು. ಏರುವಾಗ ಸರಿಯಾಗಿದ್ದು ಇಳಿಯುವಾಗ ಅಂಟಿಕೊಳ್ಳುವ ಮುಳ್ಳುಗಳೂ ಉಂಟು. ಮುಖದ ಮೇಲಿನ ಕೊನೆಯ ಅಂಕಿಯನ್ನು ಎಂದಿಗೂ ದಾಟಿಸಬಾರದು. ದಾಟಿದರೆ ಕೊಳವೆಯು ತನ್ನ ಮೊದಲ ಬಾಗನ್ನು ಮರಳಿ ಪಡೆಯದು. ಅಂಗಡಿಯ ಮಾಪಕವೇ ಸುಳ್ಳಾಗಿದ್ದರೆ ಎಂಬ ಶಂಕೆಗೆ, ಎರಡನೆಯ ಅಂಗಡಿಯಲ್ಲಿ ಇನ್ನೊಮ್ಮೆ ನೋಡುವುದೇ ಪರಿಹಾರ. ಜರ್ಮನ್ ಮೂಲದ ಮೀಟರುಗಳಲ್ಲಿ ಚದರ ಸೆಂಟಿಮೀಟರಿಗೆ ಕಿಲೋಗ್ರಾಮಿನ ಲೆಕ್ಕವಿರುವುದು, ಇಂಗ್ಲಿಷರವುಗಳಲ್ಲಿ ಚದರ ಅಂಗುಲಕ್ಕೆ ಪೌಂಡಿನ ಲೆಕ್ಕ. ಮೊದಲನೆಯದರ ೧ ಎರಡನೆಯದರ ೧೪ಕ್ಕೆ ತುಸು ಮಿಗಿಲು ಎಂಬುದನ್ನು ನೆನಪಿನಲ್ಲಿಟ್ಟರೆ ಗೊಂದಲವಾಗದು.

ಪರೀಕ್ಷೆಯ ಫಲವೇನಾಯಿತು? ಗಾಳಿ ೨೦ ಇದ್ದಾಗ ಆ ಹೊಳೆಯುವ ಮೀಟರು ೩೦ ಎಂದಿತು. ೪೦ ಇದ್ದಾಗ ೬೦ ಎಂದಿತು. ಸೊನ್ನೆಯಲ್ಲಿ ಮಾತ್ರ ಸರಿಯಾಗಿ ನಿಂತಿತು. ಬಿಚ್ಚಿ ನೋಡಲಾಗಿ ಒಂದು ಮೀಟರಿನ ಹೊಟ್ಟೆಗೆ ಇನ್ನೊಂದು ಮೀಟರಿನ ಮುಖವನ್ನು ಅಂಟಿಸಿದ್ದರು! ಮಾರಿದವನು ಬೇಕೆಂದೇ ಮಾಡಿದನೋ, ಅವನಿಗೆ ಬರುವ ಮುನ್ನವೇ ಹಾಗಾಗಿತ್ತೋ ನಾವು ಹೇಳಲಾರೆವು. ಮುಳ್ಳು ಏರುತ್ತಿತ್ತು, ಇಳಿಯುತ್ತಿತ್ತು, ಜೀವವಿರುವಂತೆ ನಡುಗುತ್ತಿತ್ತು. ಆದರೆ ಮುಳ್ಳಿಗೂ ಒತ್ತಡಕ್ಕೂ ಇರಬೇಕಾದ ವ್ಯಾಪ್ತಿ ಮುರಿದಿತ್ತು. ತಾರ್ಕಿಕರು ಹೇತ್ವಾಭಾಸವೆನ್ನುವುದು ಇಂತಹುದನ್ನೇ. ಸತ್ತ ಮೀಟರು ಸುಮ್ಮನಿರುವುದು, ಅದನ್ನು ಯಾರೂ ನಂಬರು. ಸುಳ್ಳು ಹೇಳುವ ಮೀಟರಾದರೋ ನಂಬಿಸಿ ಕೆಡಿಸುವುದು.

ಮಗನು ಮತ್ತೊಂದನ್ನು ಹುಡುಕಿ ತಂದನು. ಇದರ ಮುಖ ಕಂದಿತ್ತು, ಗಾಜಿನಲ್ಲಿ ಗೀರಿತ್ತು. ಇದನ್ನು ಕೂಡಿಸಿ ಇಂಜಿನ್ನನ್ನು ಅರ್ಧ ಗಂಟೆ ನಡೆಸಿ ಬಿಸಿಮಾಡಿದ ಮೇಲೆ ಮುಳ್ಳು ಕೆಳಗಿಳಿದು, ಲಾರಿಯ ಕೈಪುಸ್ತಕದಲ್ಲಿ ಹೇಳಿದ ಅಂಕಿಗಿಂತ ಬಹಳ ಕೆಳಗೆ ನಿಂತಿತು. ‘ಅಪ್ಪಾ, ಇದೂ ಕೆಟ್ಟ ಮೀಟರೇ, ಇಂಜಿನ್ನು ಚೆನ್ನಾಗಿಯೇ ಇದೆ’ ಎಂದು ಮಗನು ಬೇಸರಪಟ್ಟನು. ‘ಕೆಟ್ಟಿರುವುದು ಮೀಟರೋ ಇಂಜಿನ್ನೋ, ಗಾಳಿಯಂಗಡಿಯವನನ್ನು ಕೇಳಪ್ಪ, ನನ್ನನ್ನು ಕೇಳಬೇಡ’ ಎಂದರು ತಂದೆ. ಎರಡು ಅಂಗಡಿಗಳಲ್ಲಿ ನೋಡಿಸಿದರು. ಕಂದಿದ ಮುಖದ ಮೀಟರು ಎರಡೆಡೆಯಲ್ಲಿಯೂ ಸರಿಯಾದ ಅಂಕಿಯನ್ನೇ ಹೇಳಿತು. ಇನ್ನು ಸಂಶಯಕ್ಕೆ ಎಡೆಯಿರಲಿಲ್ಲ. ಮೇಸ್ತ್ರಿಯನ್ನು ಕರೆಸಿ ಇಂಜಿನ್ನಿನ ಅಡಿಯನ್ನು ಬಿಚ್ಚಿಸಿದಾಗ ಬೇರಿಂಗಿನ ಬಟ್ಟಲುಗಳ ಮೇಲಣ ಬಿಳಿಯ ಲೇಪವು ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಇನ್ನು ಕೆಲವು ಹಬ್ಬದ ಓಟಗಳಾಗಿದ್ದರೆ ಕ್ರ್ಯಾಂಕೇ ಹೋಗುತ್ತಿತ್ತೆಂದು ಮೇಸ್ತ್ರಿಯ ಅಭಿಪ್ರಾಯ. ಬಟ್ಟಲುಗಳನ್ನು ಬದಲಾಯಿಸಿದರೆ ಸಾವಿರಗಳಲ್ಲಿ ಮುಗಿಯುವುದು. ಆ ಕಾಲದ ಕ್ರ್ಯಾಂಕನ್ನು ಹುಡುಕುವುದಾದರೆ ಹಣವಿದ್ದರೂ ದೊರೆಯುವ ನೆಚ್ಚಿಗೆಯಿಲ್ಲ. ಮೊದಲನೆಯ ಮೀಟರನ್ನು ಡ್ಯಾಶ್‌ಬೋರ್ಡಿನಲ್ಲಿ ಉಳಿಸಿಕೊಂಡಿದ್ದರೆ ಆ ಲಾರಿಯು ಮನೆಯವರ ಕಣ್ಣೆದುರಿಗೇ, ಅವರೆಲ್ಲರೂ ಸಂತೋಷದಿಂದಿರುವಾಗಲೇ, ಸಾಯುತ್ತಿತ್ತು.

ಇನ್ನು ಉಳಿದ ಮೀಟರುಗಳ ಮಾತು. ಒಂದೊಂದರ ಸ್ವಭಾವವೂ ಬೇರೆ. ಒಂದಕ್ಕೆ ಸಲ್ಲುವ ಉಪಾಯ ಇನ್ನೊಂದಕ್ಕೆ ಸಲ್ಲದು.

ನೀರಿನ ಬಿಸಿಯನ್ನು ಹೇಳುವ ಹಳೆಯ ಮೀಟರುಗಳಲ್ಲಿ ಒಂದು ತುದಿಗೆ ಸಣ್ಣ ಗುಂಡು, ಅದರಿಂದ ಮೀಟರಿನವರೆಗೆ ದಾರದಷ್ಟು ತೆಳುವಾದ ತಾಮ್ರದ ನಾಳ ಇರುವುದು. ಗುಂಡಿನಲ್ಲಿ ಈಥರಿನಂತಹ ಬೇಗನೆ ಆವಿಯಾಗುವ ದ್ರವವನ್ನು ತುಂಬಿ ಮುಚ್ಚಿರುವರು. ಬಿಸಿಗೆ ಆವಿಯ ಒತ್ತಡ ಹೆಚ್ಚಿ ಮುಳ್ಳು ತಿರುಗುವುದು. ಗುಜರಿಯಲ್ಲಿ ಇದನ್ನು ಬಿಚ್ಚುವವರು ಆತುರಕ್ಕೆ ನಾಳವನ್ನು ಕತ್ತರಿಸಿಬಿಡುವರು. ಕತ್ತರಿಸಿದ ನಾಳವು ಅಲ್ಲಿಗೆ ಸತ್ತಿತು. ಬೆಸುಗೆ ಹಾಕಿದ ಮಾತ್ರಕ್ಕೆ ಬದುಕದು. ನಾಳವು ಇಡಿಯಾಗಿದ್ದರೆ ಅಡಿಗೆಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಪಾತ್ರೆಯಲ್ಲಿ ನೀರನ್ನು ಕುದಿಸಿ ಗುಂಡನ್ನು ಅದರಲ್ಲಿ ಮುಳುಗಿಸಿರಿ. ಮುಳ್ಳು ೧೦೦ಕ್ಕೆ ಬರಲಿಲ್ಲವೆಂದು ಅದನ್ನು ಬಿಸುಡಬೇಡಿರಿ. ನಮ್ಮ ಕೋಲಾರದ ಸೀಮೆಯು ಸಮುದ್ರಮಟ್ಟಕ್ಕಿಂತ ಸುಮಾರು ೮೦೦ ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು ೯೭ ಡಿಗ್ರಿಯಲ್ಲಿಯೇ ಕುದಿಯುವುದು. ಚೆನ್ನೈಯಲ್ಲಿ ೧೦೦ ತೋರುವ ಮೀಟರು ಇಲ್ಲಿ ೯೭ ತೋರಿದರೆ ಅದು ಸತ್ಯವನ್ನೇ ಹೇಳುತ್ತಿರುವುದು. ಈ ಪರೀಕ್ಷೆಗೆ ಬಳಸಿದ ಪಾತ್ರೆಯನ್ನು ಮತ್ತೆ ಅಡಿಗೆಗೆ ತರಕೂಡದೆಂದು ಮನೆಯ ಗಂಡಸರಿಗೆ ಬೇರೆಯಾಗಿ ಹೇಳಬೇಕಾಗುವುದು.

ವಿದ್ಯುತ್ತಿನ ಪ್ರವಾಹವನ್ನು ಹೇಳುವ ಆಂಪಿಯರ್ ಮೀಟರಿನ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆ ಬೇಕು. ಸ್ಟಾರ್ಟರಿಗೆ ಹೋಗುವುದನ್ನು ಬಿಟ್ಟು ಬಂಡಿಯ ಮಿಕ್ಕ ಪ್ರವಾಹವೆಲ್ಲವೂ ಇದರ ಮೈಯ ಮೂಲಕವೇ ಹಾದುಹೋಗುವುದು. ಹಳೆಯ ಡೈನಮೊವಿನ ಕಾಲಕ್ಕೆ ಎಡಕ್ಕೆ ೩೦, ಬಲಕ್ಕೆ ೩೦ ಎಂದು ಗುರುತಿದ್ದ ಮೀಟರು ಸಾಕಾಗುತ್ತಿತ್ತು. ಡೈನಮೊವನ್ನು ತೆಗೆದು ಈಗಿನ ಆಲ್ಟರ್ನೇಟರನ್ನು ಹಾಕಿಸಿದ ಲಾರಿಯಲ್ಲಿ ಅದರ ಎರಡರಷ್ಟು ಪ್ರವಾಹ ಹರಿಯಬಹುದು. ಆಗ ಆ ಮೀಟರು ಕಾದು, ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿಗೆ ಕಾರಣವಾಗಬಹುದು. ಅಂತಹ ಕಡೆ ವೋಲ್ಟು ಮೀಟರನ್ನು ಹಾಕುವುದು ಕ್ಷೇಮ. ಅದು ಪ್ರವಾಹದ ದಾರಿಯಲ್ಲಿ ನಿಲ್ಲದೆ ಪಕ್ಕದಲ್ಲಿ ನಿಂತು ನೋಡುವುದು. ತೆಳುವಾದ ತಂತಿ, ಅದಕ್ಕೊಂದು ಸಣ್ಣ ಫ್ಯೂಸು ಇದ್ದರೆ ಸಾಕು. ಬಂಡಿಯ ಬ್ಯಾಟರಿ ೬ ವೋಲ್ಟಿನದೋ, ೧೨ರದೋ, ೨೪ರದೋ ಎಂಬುದನ್ನೂ, ಬ್ಯಾಟರಿಯ ಯಾವ ತುದಿಯನ್ನು ಮೈಗೆ ಕಟ್ಟಿರುವರೆಂಬುದನ್ನೂ ಮೊದಲು ನೋಡಬೇಕು. ಹಳೆಯ ಇಂಗ್ಲಿಷ್ ಬಂಡಿಗಳಲ್ಲಿ ಅನೇಕವಕ್ಕೆ ಧನ ತುದಿಯನ್ನು ಮೈಗೆ ಕಟ್ಟುತ್ತಿದ್ದರು. ಈಗಿನವರು ಋಣ ತುದಿಯನ್ನು ಕಟ್ಟುವರು. ಏನನ್ನು ಮಾಡುವುದಿದ್ದರೂ ಬ್ಯಾಟರಿಯ ತಂತಿಯನ್ನು ಬಿಚ್ಚಿದ ಮೇಲೆಯೇ ಕೈಹಾಕತಕ್ಕದ್ದು.

ಡೀಸೆಲ್ ಅಥವಾ ಪೆಟ್ರೋಲಿನ ಮಟ್ಟವನ್ನು ಹೇಳುವ ಮೀಟರು ಒಂಟಿಯಲ್ಲ, ದಂಪತಿಗಳಲ್ಲಿ ಒಬ್ಬರು. ಟ್ಯಾಂಕಿನೊಳಗೆ ತೇಲುವ ಬುರುಡೆಯೂ, ಅದರೊಡನೆ ಏರಿಳಿಯುವ ತಡೆತಂತಿಯೂ ಇದರ ಜೊತೆಗಾರರು. ಕೆಲವು ತಯಾರಕರ ತಡೆಯು ಟ್ಯಾಂಕು ಬರಿದಾದಾಗ ಹೆಚ್ಚುವುದು. ಇನ್ನು ಕೆಲವರದು ತುಂಬಿದಾಗ ಹೆಚ್ಚುವುದು. ಜೋಡಿ ತಪ್ಪಿದರೆ ತುಂಬಿದ ಟ್ಯಾಂಕನ್ನು ಬರಿದೆಂದೂ ಬರಿದಾದುದನ್ನು ತುಂಬಿದುದೆಂದೂ ಮೀಟರು ಹೇಳುವುದು. ಆದುದರಿಂದ ಗುಜರಿಯಲ್ಲಿ ಮುಖವೊಂದನ್ನೇ ಕೊಳ್ಳದೆ, ಅದೇ ಬಂಡಿಯ ಟ್ಯಾಂಕಿನ ಬುರುಡೆಯನ್ನೂ ಕೇಳಿ ತರತಕ್ಕದ್ದು. ಇಂಗ್ಲಿಷ್ ಬಂಡಿಗಳಲ್ಲಿ ಬಿಸಿಗೆ ಬಾಗುವ ಜೋಡಿಲೋಹದ ಪಟ್ಟಿಯ ಮೇಲೆ ನಡೆಯುವ ಮೀಟರುಗಳುಂಟು. ಅವಕ್ಕೆ ೧೨ ವೋಲ್ಟನ್ನು ನೇರವಾಗಿ ಕೊಡದೆ ಸುಮಾರು ೧೦ ವೋಲ್ಟಿಗೆ ಇಳಿಸಿ ಕೊಡುವ ಪುಟ್ಟ ಡಬ್ಬಿಯೊಂದು ಜೊತೆಗಿರಬೇಕು. ಟ್ಯಾಂಕಿನ ಬಾಯಿ ತೆರೆದಿರುವಾಗ ಹತ್ತಿರದಲ್ಲಿ ಬೀಡಿಯೂ ಕೂಡದು, ವಿದ್ಯುತ್ತಿನ ಕಿಡಿಯೂ ಕೂಡದು.

ವೇಗವನ್ನು ಹೇಳುವ ಮೀಟರು ೧೯೦೨ರಲ್ಲಿ ಜರ್ಮನಿಯ ಓಟೋ ಷುಲ್ಟ್ಸನು ಪಡೆದ ಹಕ್ಕಿನ ಸಂತತಿ. ಗೇರುಪೆಟ್ಟಿಗೆಯಿಂದ ಬರುವ ಕೇಬಲು ಒಂದು ಅಯಸ್ಕಾಂತವನ್ನು ತಿರುಗಿಸುವುದು; ಅದನ್ನು ಮುಟ್ಟದೆ ಸುತ್ತುವರಿದ ಲೋಹದ ಬಟ್ಟಲು, ಅಯಸ್ಕಾಂತದ ಸೆಳೆತಕ್ಕೆ ಸಿಕ್ಕಿ, ಕೂದಲೆಳೆಯ ಸ್ಪ್ರಿಂಗಿಗೆ ಎದುರಾಗಿ ಮುಳ್ಳನ್ನು ಎಳೆಯುವುದು. ಕೇಬಲು ಒಂದು ಮೈಲಿಗೆ ಇಲ್ಲವೆ ಕಿಲೋಮೀಟರಿಗೆ ಎಷ್ಟು ಸುತ್ತು ತಿರುಗಬೇಕೆಂಬುದನ್ನು ಅನೇಕ ಮೀಟರುಗಳ ಮುಖದ ಮೇಲೆ ಸಣ್ಣ ಅಂಕಿಗಳಲ್ಲಿ ಅಚ್ಚುಮಾಡಿರುವರು. ಆ ಅಂಕಿಯು ನಿಮ್ಮ ಲಾರಿಯದಕ್ಕೆ ಹೊಂದದಿದ್ದರೆ ಆಕಾರವೆಷ್ಟು ಹೊಂದಿದರೂ ವ್ಯರ್ಥ. ಪರೀಕ್ಷೆಯು ಸುಲಭ: ಕಿಲೋಮೀಟರು ಕಲ್ಲುಗಳ ನಡುವೆ ಒಂದೇ ವೇಗದಲ್ಲಿ ನಡೆಸಿ, ಪಕ್ಕದಲ್ಲಿ ಕೂತವರು ಗಡಿಯಾರ ನೋಡಲಿ. ೬೦ ಸೆಕೆಂಡಿಗೆ ಒಂದು ಕಿಲೋಮೀಟರು ಸಂದರೆ ವೇಗವು ಗಂಟೆಗೆ ೬೦. ೯೦ ಸೆಕೆಂಡಾದರೆ ೪೦. ೧೯೫೬ರ ತೂಕ ಮತ್ತು ಅಳತೆಯ ಕಾನೂನಿನ ತರುವಾಯ ಮೈಲಿಯು ಕಿಲೋಮೀಟರಿಗೆ ಸ್ಥಳಬಿಟ್ಟಿತಾದುದರಿಂದ, ಅದಕ್ಕೂ ಹಿಂದಿನ ಮೀಟರು ದೊರೆತರೆ ಅದು ಮೈಲಿಗಳನ್ನು ಹೇಳುವುದೆಂಬುದನ್ನು ಮರೆಯಬಾರದು. ಮೈಲಿಯು ಕಿಲೋಮೀಟರಿಗಿಂತ ಒಂದೂವರೆ ಪಟ್ಟಿಗೂ ಮಿಗಿಲು. ಮತ್ತೊಂದು ಮಾತು: ಬೇರೆ ಬಂಡಿಯ ಮೀಟರಿನೊಡನೆ ಆ ಬಂಡಿ ನಡೆದ ದೂರದ ಅಂಕಿಯೂ ಬರುವುದು. ಹಳೆಯ ಅಂಕಿ ಎಷ್ಟಿತ್ತು, ಹೊಸದು ಎಷ್ಟರಿಂದ ಮೊದಲಾಯಿತು ಎಂಬುದನ್ನು ತಾರೀಕು ಸಹಿತ ಬರೆದು ಬಂಡಿಯ ಕಾಗದಗಳೊಡನೆ ಇಡಬೇಕು. ಮುಂದೆ ಕೊಳ್ಳುವವನಿಗೆ ಆ ಚೀಟಿಯನ್ನು ತೋರದಿರುವುದು ಮೋಸ.

ಗಾಳಿಯ ಬ್ರೇಕುಳ್ಳ ಲಾರಿಗಳಲ್ಲಿ ಗಾಳಿಯ ಒತ್ತಡವನ್ನು ಹೇಳುವ ಮೀಟರು ಇರುವುದು. ಈ ಒಂದನ್ನು ಮಾತ್ರ ಗುಜರಿಯಿಂದ ತರಲೇಬಾರದೆಂದು ನಮ್ಮ ಸಲಹೆ. ಆಯಿಲ್ ಮೀಟರು ಸುಳ್ಳಾದರೆ ಇಂಜಿನ್ನು ಹೋಗುವುದು. ಇದು ಸುಳ್ಳಾದರೆ ಇಳಿಜಾರಿನಲ್ಲಿ ಜನರ ಪ್ರಾಣ ಹೋಗುವುದು. ಇದಕ್ಕೆ ಹೊಸದನ್ನೇ ಕೊಳ್ಳಬೇಕು.

ಮಕ್ಕಳಿರುವ ಮನೆಗೆ ಇನ್ನೊಂದು ಎಚ್ಚರಿಕೆ. ಎರಡನೆಯ ಮಹಾಯುದ್ಧದ ಕಾಲದ ಸೈನ್ಯದ ಬಂಡಿಗಳ ಹಾಗೂ ವಿಮಾನಗಳ ಮೀಟರುಗಳಲ್ಲಿ ಕೆಲವು, ಕತ್ತಲೆಯಲ್ಲಿ ತಾವಾಗಿಯೇ ಹೊಳೆಯುವಂತೆ ರೇಡಿಯಮ್ಮಿನ ಬಣ್ಣದಿಂದ ಬರೆದವು. ಕ್ಯೂರಿ ದಂಪತಿಗಳು ೧೮೯೮ರಲ್ಲಿ ಕಂಡುಹಿಡಿದ ಈ ಧಾತುವಿನ ಪ್ರಭಾವವು ಅರ್ಧಕ್ಕಿಳಿಯಲು ಸುಮಾರು ೧೬೦೦ ವರ್ಷಗಳು ಬೇಕು. ಬಣ್ಣದ ಹೊಳಪು ಕೆಲವು ದಶಕಗಳಲ್ಲಿ ಆರಿಹೋಗುವುದು. ಹೊಳಪು ಹೋದರೂ ರೇಡಿಯಮ್ಮು ಹೋಗುವುದಿಲ್ಲ. ೧೯೨೦ರ ದಶಕದಲ್ಲಿ ಅಮೆರಿಕೆಯ ಗಡಿಯಾರದ ಕಾರ್ಖಾನೆಗಳಲ್ಲಿ ಈ ಬಣ್ಣದ ಕುಂಚವನ್ನು ತುಟಿಯಲ್ಲಿ ಮೊನೆಮಾಡಿಕೊಂಡು ಬರೆಯುತ್ತಿದ್ದ ಹೆಣ್ಣುಮಕ್ಕಳು ದವಡೆಯ ಮೂಳೆ ಕೊಳೆತು ಸತ್ತರು. ಆದುದರಿಂದ ಹಳದಿಗಟ್ಟಿದ ದಪ್ಪನೆಯ ಬಣ್ಣದ ಅಂಕಿಗಳುಳ್ಳ ಹಳೆಯ ಮೀಟರು ಕಂಡರೆ ಅದರ ಗಾಜನ್ನು ತೆರೆಯಬಾರದು, ಬಣ್ಣವನ್ನು ಕೆರೆಯಬಾರದು, ಮಕ್ಕಳ ಕೈಗೆ ಆಟಕ್ಕೆ ಕೊಡಬಾರದು. ಮನೆಗೆ ತಾರದಿರುವುದೇ ಲೇಸು.

ಕೂಡಿಸುವ ಕೆಲಸದಲ್ಲಿ ಮುಖ್ಯವಾದ ನಿಯಮವೊಂದೇ: ಲಾರಿಗಾಗಿ ಮೀಟರನ್ನು ಹೊಂದಿಸಬೇಕೇ ಹೊರತು ಮೀಟರಿಗಾಗಿ ಲಾರಿಯನ್ನು ಕೊರೆಯಬಾರದು. ದೇವಸ್ಥಾನದ ಜೀರ್ಣೋದ್ಧಾರ ಮಾಡುವವರು ಸಡಿಲಿದ ಕಲ್ಲನ್ನು ಬಿಗಿಮಾಡುವರಲ್ಲದೆ ತಮ್ಮ ಅಳತೆಗೆ ಗರ್ಭಗುಡಿಯ ಬಾಗಿಲನ್ನು ಅಗಲಿಸುವುದಿಲ್ಲ. ಸಣ್ಣ ಮೀಟರುಗಳಲ್ಲಿ ಬಹಳವು ೫೨ ಮಿಲಿಮೀಟರು ವ್ಯಾಸದ ರಂಧ್ರಕ್ಕೆ ಕೂಡುವುವು. ರಂಧ್ರವು ದೊಡ್ಡದಾಗಿದ್ದರೆ ಲೇತಿನಲ್ಲಿ ಒಂದು ಬಳೆಯನ್ನು ಮಾಡಿಸಿ ನಡುವೆ ಕೂಡಿಸಬಹುದು. ಚಿಕ್ಕದಾಗಿದ್ದರೆ ಡ್ಯಾಶ್‌ಬೋರ್ಡಿನ ಕೆಳಗೆ ತಗಡಿನ ಸಣ್ಣ ಫಲಕವನ್ನು ತೂಗಿಸಿ ಅದರಲ್ಲಿಡಬಹುದು. ನಾಳೆ ಸರಿಯಾದ ಮೀಟರು ದೊರೆತರೆ ಗುರುತು ಉಳಿಯದಂತೆ ಬಿಚ್ಚಿಕೊಳ್ಳಬಹುದು. ಹಿಂದಿನ ಲಾಳದಾಕಾರದ ಪಟ್ಟಿಯನ್ನು ಬೆರಳಿನಿಂದಲೇ ಬಿಗಿಮಾಡಬೇಕು. ಪಾನದಿಂದ ತಿರುಗಿಸಿದರೆ ಗಾಜು ಸೀಳುವುದು. ಆಯಿಲಿನ ತಾಮ್ರದ ಪೈಪನ್ನು ಹಳೆಯದನ್ನು ಬಳಸದೆ ಹೊಸದನ್ನು ಹಾಕಿಸಬೇಕು. ಇಂಜಿನ್ನು ನಡುಗುವುದು, ಮೈಯು ಬೇರೆಯಾಗಿ ನಡುಗುವುದು. ಇವೆರಡರ ನಡುವೆ ಪೈಪಿಗೆ ಒಂದೆರಡು ಸುತ್ತು ಸುರುಳಿ ಕೊಟ್ಟರೆ ಅದು ಮುರಿಯುವುದಿಲ್ಲ. ತಗಡನ್ನು ದಾಟುವಲ್ಲಿ ರಬ್ಬರಿನ ಬಳೆಯಿರಬೇಕು. ಹೊಗೆಯ ಕೊಳವೆಯ ಹತ್ತಿರ ಸುಳಿಯಕೂಡದು. ಮುಗಿದ ಮೇಲೆ ಇಂಜಿನ್ನು ನಡೆಸಿ ಪ್ರತಿಯೊಂದು ಕೀಲನ್ನೂ ಕಾಗದದಿಂದ ಒರಸಿ ನೋಡಬೇಕು. ಸೋರುವ ಬಿಸಿ ಎಣ್ಣೆಯು ಚಾಲಕನ ಕಾಲಿನ ಮೇಲೆಯೇ ಬೀಳುವುದು.

ಎಲ್ಲಿ ಕೊಳ್ಳಬೇಕು? ನಮ್ಮ ರೈಲುದಾರಿಯ ಒಂದು ತುದಿಗೆ ಬೆಂಗಳೂರಿನ ಶಿವಾಜಿನಗರವೂ ಜೆ.ಸಿ. ರಸ್ತೆಯೂ ಇರುವುವು; ಇನ್ನೊಂದು ತುದಿಗೆ ಚೆನ್ನೈಯ ಪುದುಪೇಟೆ. ಹಳೆಯ ಮೋಟಾರು ಭಾಗಗಳಿಗೆ ಇವು ಹೆಸರಾದ ಪೇಟೆಗಳು. ಎಲ್ಲಿ ಕೊಂಡರೂ ಚೀಟಿಯನ್ನು ಕೇಳಿ ಪಡೆಯಬೇಕು. ನಮ್ಮ ಕೆ.ಜಿ.ಎಫ್. ಸೀಮೆಯವರಿಗೆ ಇದನ್ನು ಒತ್ತಿ ಹೇಳಲು ಕಾರಣವುಂಟು. ೧೮೮೦ರಲ್ಲಿ ಜಾನ್ ಟೇಲರ್ ಸಂಸ್ಥೆಯವರು ಬಂದ ಮೇಲೆ ಬೆಳೆದು, ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ಪಡೆದು, ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದ ಚಿನ್ನದ ಗಣಿಗಳು ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿದುವು. ಅಲ್ಲಿ ಕೆಲಸಮಾಡಿದ ಯಂತ್ರಗಳಿಗೂ ಇಂತಹ ಮುಳ್ಳುಗಳೇ ಕಣ್ಣಾಗಿದ್ದುವು. ಮುಚ್ಚಿದ ಆವರಣದಿಂದ ರಾತ್ರಿಯಲ್ಲಿ ಬಿಚ್ಚಿ ತಂದ ಹಿತ್ತಾಳೆಯ ಮಾಪಕವನ್ನು ಯಾರಾದರೂ ಅಗ್ಗಕ್ಕೆ ಕೊಡಬಂದರೆ ಕೊಳ್ಳಕೂಡದು; ಕದ್ದವನ ಪಾಪದಲ್ಲಿಯೂ ಅಪರಾಧದಲ್ಲಿಯೂ ಕೊಂಡವನಿಗೆ ಪಾಲುಂಟು. ಗಣಿಯಿಂದ ನಾವು ನ್ಯಾಯವಾಗಿ ಪಡೆಯಬಹುದಾದ ಆಸ್ತಿಯು ಬೇರೆಯಿದೆ. ಗಣಿಯಲ್ಲಿಯೂ, ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿಯೂ ಯಂತ್ರಗಳೊಡನೆ ಬಾಳಿ ನಿವೃತ್ತರಾದವರು ನಮ್ಮ ಊರುಗಳಲ್ಲಿರುವರು. ಅವರ ಕೈಯಲ್ಲಿರುವ ವಿದ್ಯೆಯು ಯಾವ ಗುಜರಿಯಲ್ಲಿಯೂ ದೊರೆಯದು. ಮನೆಯ ಹುಡುಗನನ್ನು ಅಂತಹವರ ಪಕ್ಕದಲ್ಲಿ ನಾಲ್ಕು ಭಾನುವಾರ ಕೂಡಿಸಿದರೆ ಅವನಿಗೆ ಮೀಟರನ್ನು ಬಿಚ್ಚುವುದೂ ಬರುವುದು, ಬಿಚ್ಚುವ ಮುನ್ನ ಯೋಚಿಸುವುದೂ ಬರುವುದು.

ಕಾನೂನಿನ ಮಾತೊಂದು ಉಳಿಯಿತು. ೫೦ ವರ್ಷ ದಾಟಿದ ಹಳೆಯ ಬಂಡಿಗಳ ನೋಂದಣಿಗೆ ೨೦೨೧ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಬೇರೆ ನಿಯಮಗಳನ್ನು ಮಾಡಿತು. ಬಂಡಿಯು ಮೂಲರೂಪದಲ್ಲಿರಬೇಕು, ವ್ಯಾಪಾರಕ್ಕೆ ಬಳಸಬಾರದು ಎಂಬುವು ಅದರ ಮುಖ್ಯಾಂಶಗಳು. ಆ ನಿಯಮಗಳು ದ್ವಿಚಕ್ರಗಳನ್ನೂ ಜನರು ಕೂಡುವ ನಾಲ್ಕು ಚಕ್ರದ ಬಂಡಿಗಳನ್ನೂ ಕುರಿತು ಆದುವು. ಆದಕಾರಣ ಲಾರಿಯುಳ್ಳವರು ತಮ್ಮ ಸಾರಿಗೆ ಕಚೇರಿಯಲ್ಲಿಯೇ ವಿಚಾರಿಸಿ ನಡೆದುಕೊಳ್ಳುವುದು ಒಳ್ಳೆ‌ಯದು. ಡ್ಯಾಶ್‌ಬೋರ್ಡನ್ನು ಕೊರೆಯಬಾರದೆಂದು ನಾವು ಹೇಳಿದುದಕ್ಕೆ ಇದೂ ಒಂದು ಕಾರಣವೆಂದು ತಿಳಿಯಬಹುದು.

ನಮ್ಮ ಹಿರಿಯರ ಲಾರಿಯಲ್ಲಿ ಈಗ ಕಂದಿದ ಮುಖದ ಮೀಟರೇ ಇರುವುದು. ಹೊಸ ಬಟ್ಟಲುಗಳನ್ನು ಹಾಕಿಸಿದ ಮೇಲೆ ಮುಳ್ಳು ಕೈಪುಸ್ತಕದ ಅಂಕಿಗೆ ಬಂದಿದೆ. ಗಾಜನ್ನು ಬದಲಾಯಿಸಬೇಕೆಂದು ಮಗನು, ಬೇಡವೆಂದು ತಂದೆ, ಇನ್ನೂ ವಾದಿಸುತ್ತಿರುವರು. ಸತ್ತ ಹಳೆಯ ಮೀಟರನ್ನು ಎಸೆಯದೆ, ಯಾವಾಗ ಬಿಚ್ಚಿದರೆಂಬ ಚೀಟಿಯೊಡನೆ ಡಬ್ಬಿಯಲ್ಲಿಟ್ಟಿರುವರು. ಸುಳ್ಳು ಮೀಟರನ್ನು ಮಾತ್ರ ಮತ್ತಾರೂ ನಂಬಿ ಕೊಳ್ಳದಂತೆ ಮುಳ್ಳು ಕಿತ್ತು ಬಿಸುಟರು. ಹಳೆಯ ಬಂಡಿಯಿರುವ ವಾಚಕರು ಮುಂದಿನ ಆಯುಧಪೂಜೆಗೆ ಮೊದಲು ತಮ್ಮ ಆಯಿಲ್ ಮೀಟರನ್ನು ಒಮ್ಮೆ ಗಾಳಿಯಂಗಡಿಗೆ ಒಯ್ದು ನೋಡಿಸಬೇಕೆಂದು ಬೇಡುವೆವು. ಅರ್ಧ ಗಂಟೆಯ ಕೆಲಸ. ಕುಂಕುಮವನ್ನು ಆ ಬಳಿಕ ಇಡಬಹುದು.